ಡ್ಯಾಕ್ ಬೋರ್ಡ್ ಔಟ್‌ಪುಟ್ ಸೊನ್ನೆಯಲ್ಲೇ ನಿಂತರೆ ಎಲ್ಲಿಂದ ಹುಡುಕಬೇಕು

ಡ್ಯಾಕ್ ಅಂದರೆ ನಾವು ಕಳಿಸಿದ ನಂಬರನ್ನು ವೋಲ್ಟೇಜ್ ಆಗಿ ಮಾಡಿಕೊಡುವ ಚಿಪ್. ಹೊಸ ಡ್ಯಾಕ್ ಬೋರ್ಡ್ ತಂದು, ವೈರ್ ಚುಚ್ಚಿ, ಕೋಡ್ ಓಡಿಸಿ, ಮೀಟರ್ ಹಿಡಿದರೆ ಸೊನ್ನೆ. ಕೋಡ್ ಬದಲಿಸಿದರೂ ಸೊನ್ನೆ. ವೈರ್ ಬದಲಿಸಿದರೂ ಸೊನ್ನೆ. ಎರಡು ರಾತ್ರಿ ಹೀಗೇ ಕಳೆದ ಮೇಲೆ ಬರೆದಿಟ್ಟ ಟಿಪ್ಪಣಿ ಇದು. ಬೋರ್ಡ್ ಮೇಲಿದ್ದದ್ದು ಡ್ಯಾಕ್8562 ಚಿಪ್. 16 ಬಿಟ್, ಎರಡು ಚಾನೆಲ್, ಎಸ್‌ಪಿಐ (ಕ್ಲಾಕ್‌ನ ಒಂದೊಂದು ಬಡಿತಕ್ಕೆ ಒಂದೊಂದು ಬಿಟ್ ಕಳಿಸುವ ಸಂಪರ್ಕ), 2.7ರಿಂದ 5.5 ವೋಲ್ಟ್‌ವರೆಗೆ ಸಪ್ಲೈ ಕೊಡಬಹುದು. ಅದಕ್ಕೆ ಹುಕುಂ ಕೊಡುತ್ತಿದ್ದದ್ದು ಒಂದು ಇಎಸ್‌ಪಿ32 ಮೈಕ್ರೊಕಂಟ್ರೋಲರ್ ಬೋರ್ಡ್. ನಿಮ್ಮದು ಬೇರೆ ಚಿಪ್ ಆದರೂ ಹುಡುಕುವ ದಾರಿ ಹೆಚ್ಚುಕಡಿಮೆ ಇದೇ, ನಂಬರ್‌ಗಳನ್ನು ಮಾತ್ರ ನಿಮ್ಮ ಡೇಟಾಶೀಟ್‌ನಿಂದ ತೆಗೆದುಕೊಳ್ಳಿ.

ಇದರ ದೊಡ್ಡ ತಲೆನೋವು ಏನಂದರೆ ಚಿಪ್ ತಿರುಗಿ ಮಾತಾಡಲ್ಲ. ಸೆನ್ಸರ್ ಆಗಿದ್ದರೆ ಅದರ ಐಡಿ ಓದಿ, ಬದುಕಿದೆಯಾ ಇಲ್ವಾ ಅಂತ ಅರ್ಧ ನಿಮಿಷದಲ್ಲಿ ತಿಳಿಯಬಹುದು. ಈ ಚಿಪ್‌ಗೆ ಇರುವುದೇ ಹತ್ತು ಕಾಲು, ಅದರಲ್ಲಿ ಡೇಟಾ ಹೊರಗೆ ಬರುವ ಕಾಲು ಒಂದೂ ಇಲ್ಲ. ನೀವು ಹೇಳಿದ್ದು ಅದಕ್ಕೆ ಕೇಳಿಸಿತಾ, ತಪ್ಪಾಗಿ ಕೇಳಿಸಿತಾ, ಕೇಳಿಯೂ ಸುಮ್ಮನಿದೆಯಾ, ಒಂದೂ ಗೊತ್ತಾಗಲ್ಲ. ಹಾಗಾಗಿ ಅದರ ಬಾಯಿ ಬಿಡಿಸಲು ಒಂದು ಉಪಾಯ ಬೇಕು. ಉಪಾಯ ಇದೆ, ಆದರೆ ಅದಕ್ಕೂ ಮೊದಲು ಮೀಟರ್ ಕೆಲಸ ಮುಗಿಸಿ.

ಕೋಡ್ ಮುಚ್ಚಿಡಿ, ಮೀಟರ್ ತೆಗೆಯಿರಿ

ಸಪ್ಲೈಯನ್ನು ಕನೆಕ್ಟರ್ ಹತ್ತಿರ ಅಳೆಯಬೇಡಿ. ಚಿಪ್‌ನ ಕಾಲಿನ ಮೇಲೇ ಅಳೆಯಿರಿ. ಕನೆಕ್ಟರ್‌ನಲ್ಲಿ 5 ವೋಲ್ಟ್ ಇದ್ದು ಚಿಪ್‌ವರೆಗೆ ಬರದೇ ಇರಬಹುದು. ಮಧ್ಯೆ ಒಂದು ಜಂಪರ್ ಇರುತ್ತದೆ, ಒಂದು ಫೆರೈಟ್ ಮಣಿ ಇರುತ್ತದೆ, ಅರೆಬರೆ ಸೋಲ್ಡರ್ ಆದ ಹೆಡರ್ ಪಿನ್ ಇರುತ್ತದೆ. ಗ್ರೌಂಡನ್ನೂ ಹಾಗೇ ನೋಡಿ: ಮೀಟರ್‌ನ ಕಪ್ಪು ವೈರ್ ಇಎಸ್‌ಪಿ32 ಗ್ರೌಂಡ್‌ಗೆ, ಕೆಂಪು ವೈರ್ ಡ್ಯಾಕ್ ಬೋರ್ಡ್ ಗ್ರೌಂಡ್‌ಗೆ. ಸೊನ್ನೆ ಮಿಲಿವೋಲ್ಟ್ ಹತ್ತಿರ ಇರಬೇಕು. ನೂರಿನ್ನೂರು ಮಿಲಿವೋಲ್ಟ್ ಕಂಡರೆ ಗ್ರೌಂಡ್ ವೈರ್ ಸರಿ ಕೂತಿಲ್ಲ, ಅಥವಾ ಅದು ಬರೀ ಹೆಸರಿಗೆ ವೈರ್. ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಕಟ್ಟುಗಟ್ಟಲೆ ತರುತ್ತೇವಲ್ಲ ಬಣ್ಣಬಣ್ಣದ ಜಂಪರ್ ವೈರ್, ಅವುಗಳಲ್ಲಿ ಒಳಗೇ ತುಂಡಾದದ್ದು ಒಂದಾದರೂ ಸಿಗುತ್ತದೆ. ಮೀಟರನ್ನು ಬೀಪ್‌ಗೆ ಹಾಕಿ, ವೈರನ್ನು ಅಲ್ಲಾಡಿಸಿ ನೋಡಿ.

ಚಿಪ್ ಮೇಲೆ ಬೆರಳಿಡಿ. ಇದು ಕುಡಿಯುವ ಕರೆಂಟ್ ತೀರಾ ಕಡಿಮೆ, ಬಿಸಿಯಾಗಲು ಕಾರಣವೇ ಇಲ್ಲ. ಬೆಚ್ಚಗಿದ್ದರೂ ಅನುಮಾನ ಪಡಿ, ಚುರುಕ್ ಅಂದರೆ ತಕ್ಷಣ ಕೇಬಲ್ ಕಿತ್ತುಬಿಡಿ.

ಆಮೇಲೆ ಲಾಜಿಕ್ ಮಟ್ಟ. ಇಎಸ್‌ಪಿ32 ಪಿನ್‌ಗಳು ಕೊಡುವುದು 3.3 ವೋಲ್ಟ್. ಡ್ಯಾಕ್‌ಗೆ 5 ವೋಲ್ಟ್ ಸಪ್ಲೈ ಕೊಟ್ಟರೆ, 'ಒಂದು' ಅಂತ ಒಪ್ಪಿಕೊಳ್ಳಲು ಅದು ಎಷ್ಟು ಕೇಳುತ್ತದೆ ಅಂತ ಡೇಟಾಶೀಟ್‌ನಲ್ಲಿ ನೋಡಿ. ಎಷ್ಟೋ ಚಿಪ್‌ಗಳು ಸಪ್ಲೈಯ 0.7 ಪಟ್ಟು ಕೇಳುತ್ತವೆ. ಅಂದರೆ 5 ವೋಲ್ಟ್‌ಗೆ 3.5. ನಿಮ್ಮ 3.3 ಅಲ್ಲಿಗೆ ಮುಟ್ಟಲ್ಲ. ಮೇಜಿನ ಮೇಲೆ ನಡೆದಂತೆ ಕಾಣುತ್ತದೆ, ನಾಳೆ ಕೈಕೊಡುತ್ತದೆ. ಈ ಅನುಮಾನ ತಲೆಯಲ್ಲಿಟ್ಟುಕೊಂಡು ಮುಂದೆ ಹೋಗುವುದೇ ಬೇಡ ಅಂತ ನಾನು ಡ್ಯಾಕ್ ಸಪ್ಲೈಯನ್ನೂ 3.3ಕ್ಕೆ ಇಳಿಸಿದೆ. ದೋಷ ಸಿಕ್ಕಿ ಎಲ್ಲ ಸರಿಹೋಗುವವರೆಗೆ ಅದು 3.3ರಲ್ಲೇ ಇರಲಿ.

ಬಾಯಿಲ್ಲದ ಚಿಪ್‌ನ ಬಾಯಿ ಬಿಡಿಸುವುದು

ಈ ಚಿಪ್ ಒಳಗೆ 2.5 ವೋಲ್ಟ್ ರೆಫರೆನ್ಸ್ ಇದೆ, ಅಂದರೆ ಔಟ್‌ಪುಟ್ ಎಷ್ಟಿರಬೇಕು ಅನ್ನುವುದಕ್ಕೆ ಅಳತೆಗೋಲಾಗುವ ಸ್ಥಿರ ವೋಲ್ಟೇಜ್. ಆದರೆ ಪವರ್ ಬಂದಾಗ ಅದು ಆಫ್ ಆಗಿರುತ್ತದೆ. ಇದು ಗೊತ್ತಿಲ್ಲದೆ ಮೊದಲ ದಿನ ಪೂರ್ತಿ ಹಾಳಾಗುತ್ತದೆ, ಯಾಕಂದರೆ ರೆಫರೆನ್ಸ್ ಇಲ್ಲದ ಡ್ಯಾಕ್‌ಗೆ ಏನೇ ಕೋಡ್ ಕಳಿಸಿದರೂ ಔಟ್‌ಪುಟ್ ಏಳುವುದಿಲ್ಲ. ಆನ್ ಮಾಡಲು ಹೆಕ್ಸ್‌ನಲ್ಲಿ (16ರ ಲೆಕ್ಕದ ಅಂಕಿಯಲ್ಲಿ) 38 00 01 ಅಂತ ಮೂರು ಬೈಟ್ ಕಳಿಸಬೇಕು. ಆನ್ ಆದರೆ ರೆಫರೆನ್ಸ್ ಕಾಲಿನಲ್ಲಿ 2.5 ವೋಲ್ಟ್ ಮೂಡುತ್ತದೆ, ಮೀಟರ್‌ನಲ್ಲಿ ನೇರವಾಗಿ ಕಾಣುತ್ತದೆ.

ನಮಗೆ ಬೇಕಿದ್ದ ಉತ್ತರ ಇಲ್ಲೇ ಇದೆ. ಔಟ್‌ಪುಟ್ ನೋಡುತ್ತಾ ಕೂರಬೇಡಿ. ಔಟ್‌ಪುಟ್ ಬರಲು ರೆಫರೆನ್ಸ್, ಲೋಡ್ (ಔಟ್‌ಪುಟ್‌ಗೆ ಕಟ್ಟಿದ ಹೊರೆ), ಗೇನ್ (ಎಷ್ಟು ಪಟ್ಟು ಹಿಗ್ಗಿಸಬೇಕು ಅನ್ನುವುದು), ಎಲ್‌ಡ್ಯಾಕ್ (ಬರೆದದ್ದನ್ನು ಔಟ್‌ಪುಟ್‌ಗೆ ಬಿಡುವ ಅಪ್ಪಣೆ), ಕ್ಲಿಯರ್ (ಔಟ್‌ಪುಟ್ ಅಳಿಸುವ ಪಿನ್) ಇಷ್ಟೆಲ್ಲ ಸರಿ ಇರಬೇಕು. ರೆಫರೆನ್ಸ್ ಆನ್ ಆಗಲು ಒಂದೇ ಒಂದು ಮಾತು ಸರಿಯಾಗಿ ತಲುಪಿದರೆ ಸಾಕು. ಕೋಡ್‌ನಲ್ಲಿ ಬೇರೆಲ್ಲ ಅಳಿಸಿ ಬರೀ ಈ ಮೂರು ಬೈಟ್ ಇಡಿ, ಮೀಟರ್ ಕಡ್ಡಿಯನ್ನು ರೆಫರೆನ್ಸ್ ಕಾಲಿಗೆ ಹಿಡಿಯಿರಿ, ರಿಸೆಟ್ ಒತ್ತಿ. 2.5 ಬಂತಾ? ಹಾಗಾದರೆ ಸಪ್ಲೈ, ಗ್ರೌಂಡ್, ಮೂರು ಸಿಗ್ನಲ್ ವೈರ್, ಬಿಟ್‌ಗಳ ಕ್ರಮ ಎಲ್ಲ ಸರಿ ಇವೆ, ತೊಂದರೆ ಮುಂದೆಲ್ಲೋ ಇದೆ. ಬರಲಿಲ್ವಾ? ಮಾತೇ ತಲುಪಿಲ್ಲ, ಔಟ್‌ಪುಟ್ ಬಗ್ಗೆ ಈಗ ಯೋಚಿಸಿ ಉಪಯೋಗವಿಲ್ಲ.

ಒಂದು ಎಚ್ಚರಿಕೆ. ಕೆಲವು ಬೋರ್ಡ್‌ಗಳಲ್ಲಿ ಹೊರಗಿನ ರೆಫರೆನ್ಸ್ ಚಿಪ್ ಬೇರೆ ಇರುತ್ತದೆ, ಯಾವುದು ಬೇಕು ಅಂತ ಜಂಪರ್‌ನಲ್ಲಿ ಆರಿಸಬೇಕು. ಜಂಪರ್ ಆ ಕಡೆ ಇದ್ದರೆ ನೀವು ಏನೂ ಕಳಿಸದಿದ್ದರೂ ಅಲ್ಲಿ 2.5 ಕಾಣಬಹುದು, ನೀವು 'ಬಂತು ಬಂತು' ಅಂತ ಮುಂದೆ ಹೋಗಿಬಿಡುತ್ತೀರಿ. ಅದರ ಮೇಲೆ ಒಳಗಿನದನ್ನೂ ಆನ್ ಮಾಡಿದರೆ ಎರಡು ರೆಫರೆನ್ಸ್ ಒಂದೇ ಕಾಲಿಗೆ ಕೂತು ಜಗ್ಗಾಡುತ್ತವೆ. ಮೊದಲು ಜಂಪರ್ ತೆಗೆಯಿರಿ, ಕಮಾಂಡ್ ಕಳಿಸುವ ಮುಂಚೆ ಸೊನ್ನೆ ಇದೆ ಅಂತ ಖಾತ್ರಿ ಮಾಡಿಕೊಳ್ಳಿ.

ನನ್ನದರಲ್ಲಿ 2.5 ಬರಲಿಲ್ಲ.

ಸಿಂಕ್ ವೈರ್

ಮೊದಲು ಸಿಂಕ್ ನೋಡಿದೆ, ಅಂದರೆ ಮಾತು ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಚಿಪ್‌ಗೆ ಹೇಳುವ ವೈರ್. ಹೆಚ್ಚು ಜನ ಎಡವುವುದು ಅಲ್ಲೇ. ಈ ಚಿಪ್‌ಗೆ ಒಂದು ಮಾತು ಅಂದರೆ 24 ಬಿಟ್. ಸಿಂಕ್ ಕೆಳಗಿಳಿದು, 24 ಕ್ಲಾಕ್ ಮುಗಿಯುವ ತನಕ ಕೆಳಗೇ ಇರಬೇಕು. ಮಧ್ಯೆ ಮೇಲೆದ್ದರೆ ಅಲ್ಲಿಯವರೆಗೆ ಕಳಿಸಿದ್ದೆಲ್ಲ ನೀರಪಾಲು. ಕೆಲವು ಲೈಬ್ರರಿಗಳು ಪ್ರತಿ ಬೈಟ್ ಆದ ಮೇಲೂ ಸಿಂಕ್ ಎತ್ತುತ್ತವೆ, ಆಗ ಚಿಪ್‌ಗೆ ಎಂಟೆಂಟು ಬಿಟ್‌ನ ಮೂರು ಅರ್ಧಂಬರ್ಧ ಮಾತು ಸಿಗುತ್ತದೆ, ಮೂರನ್ನೂ ಬಿಸಾಕುತ್ತದೆ. ಸಿಂಕನ್ನು ಲೈಬ್ರರಿಗೆ ಬಿಡದೆ ಮಾಮೂಲಿ ಪಿನ್ ಮಾಡಿಕೊಂಡು ನೀವೇ ಇಳಿಸಿ, ನೀವೇ ಏರಿಸಿ.

ನನ್ನ ಹತ್ತಿರ ಎಂಟು ಚಾನೆಲ್‌ನ ಅಗ್ಗದ ಲಾಜಿಕ್ ಅನಲೈಸರ್ ಇದೆ, ವೈರ್ ಮೇಲೆ ಹೋಗುವ ಬಿಟ್‌ಗಳನ್ನು ಹಿಡಿದು ತೋರಿಸುವ ಸಾಧನ. ಹಾಕಿ ನೋಡಿದೆ. ಸಿಂಕ್ ಇಳಿದಿದೆ, ಕ್ಲಾಕ್ ಎಣಿಸಿದೆ, ಸರಿಯಾಗಿ 24. ಕೆಳಗೆ ಅನಲೈಸರ್ ಸಾಫ್ಟ್‌ವೇರ್ ಅಂದವಾಗಿ 38, 00, 01 ಅಂತ ಬರೆದು ತೋರಿಸಿತು. ಇಷ್ಟು ನೋಡಿದ ಮೇಲೆ ಚಿಪ್ಪೇ ಸತ್ತಿದೆ ಅಂತ ತೀರ್ಮಾನಕ್ಕೆ ಬಂದೆ. ಆ ತೀರ್ಮಾನ ತಪ್ಪು, ಅನಲೈಸರ್ ತೋರಿಸಿದ್ದೂ ಅರ್ಧ ಸತ್ಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಪ್ರೋಬ್ ಇಟ್ಟರೆ ನಡೆಯುತ್ತದೆ, ತೆಗೆದರೆ ಇಲ್ಲ

ಎರಡನೇ ರಾತ್ರಿ ಸ್ಕೋಪ್ (ವೋಲ್ಟೇಜ್‌ನ ಅಲೆ ತೋರಿಸುವ ಆಸಿಲೋಸ್ಕೋಪ್) ಹಚ್ಚಿದೆ. ಡೇಟಾ ವೈರ್ ಮೇಲೆ ಪ್ರೋಬ್ ಸಿಕ್ಕಿಸಿ, ರಿಸೆಟ್ ಒತ್ತಿದೆ. ಮೀಟರ್‌ನಲ್ಲಿ 2.499. ಕಣ್ಣುಜ್ಜಿಕೊಂಡು ನೋಡಿದೆ, ಹೌದು, ರೆಫರೆನ್ಸ್ ಬಂದಿದೆ. ಕೋಡ್‌ನಲ್ಲಿ ಒಂದಕ್ಷರ ಬದಲಾಗಿಲ್ಲ. ಪ್ರೋಬ್ ತೆಗೆದೆ, ಡ್ಯಾಕ್ ಬೋರ್ಡ್‌ನ ಪವರ್ ಕಿತ್ತು ಮತ್ತೆ ಹಾಕಿದೆ, ರಿಸೆಟ್ ಒತ್ತಿದೆ. 2.499 ಇನ್ನೂ ಇದೆ! ಸರಿಹೋಯಿತು ಅಂತ ಊಟಕ್ಕೆ ಎದ್ದೆ. ವಾಪಸ್ ಬಂದು ಲ್ಯಾಪ್‌ಟಾಪ್ ಆನ್ ಮಾಡಿದರೆ ಮತ್ತೆ ಸೊನ್ನೆ.

ಇಲ್ಲಿ ಎರಡು ಬೇರೆ ಬೇರೆ ತರಲೆ ಒಂದರ ಮೇಲೊಂದು ಕೂತಿದ್ದವು. ಚಿಕ್ಕದನ್ನು ಮೊದಲು ಹೇಳಿ ಮುಗಿಸುತ್ತೇನೆ. ಡ್ಯಾಕ್ ಬೋರ್ಡ್‌ನ ಪವರ್ ಕಿತ್ತಾಗ ಅದರ ಎಲ್‌ಇಡಿ ಪೂರ್ತಿ ಆರಿರಲಿಲ್ಲ. ದೀಪ ಆರಿಸಿದ ಕೋಣೆಯಲ್ಲಿ ಹತ್ತಿರ ಹೋಗಿ ನೋಡಿದರೆ ಮಾತ್ರ ಕಾಣುವಷ್ಟು, ಬೂದಿ ಮುಚ್ಚಿದ ಕೆಂಡದ ಹಾಗೆ ಮಂಕಾಗಿ ಉರಿಯುತ್ತಿತ್ತು. ಇಎಸ್‌ಪಿ32 ಮಾತ್ರ ಯುಎಸ್‌ಬಿಯಲ್ಲಿ ಓಡುತ್ತಲೇ ಇತ್ತಲ್ಲ, ಅದರ ಸಿಗ್ನಲ್ ಪಿನ್‌ಗಳಿಂದ ಡ್ಯಾಕ್‌ನ ಒಳಗಿರುವ ರಕ್ಷಣಾ ಡಯೋಡ್ ಮೂಲಕ ಕರೆಂಟ್ ಹಿಂಬಾಗಿಲಿನಿಂದ ನುಗ್ಗಿ ಚಿಪ್ಪನ್ನು ಅರೆಜೀವವಾಗಿ ಇಟ್ಟಿತ್ತು. ಚಿಪ್ ರಿಸೆಟ್ಟೇ ಆಗಿರಲಿಲ್ಲ, ಹಳೆಯದನ್ನೆಲ್ಲ ನೆನಪಿಟ್ಟುಕೊಂಡಿತ್ತು. ಪವರ್ ತೆಗೆಯುವಾಗ ಎರಡೂ ಕಡೆ ತೆಗೆಯಿರಿ, ಸಪ್ಲೈ ಕಾಲಿನಲ್ಲಿ ಮೀಟರ್ ಸೊನ್ನೆಗೆ ಬಂದದ್ದು ನೋಡಿ ಮತ್ತೆ ಹಾಕಿ. ಇಲ್ಲದಿದ್ದರೆ ನೀವು ಮಾಡುವ ಪರೀಕ್ಷೆಗಳೆಲ್ಲ ಸುಳ್ಳು ಹೇಳುತ್ತವೆ.

ಹೀಗೆ ಸರಿಯಾಗಿ ಪವರ್ ತೆಗೆದು ಹಾಕಿ ಹತ್ತು ಸಲ ಮಾಡಿದೆ. ಪ್ರೋಬ್ ಇದ್ದರೆ ಪ್ರತಿ ಸಲ 2.5. ಇಲ್ಲದಿದ್ದರೆ ಸೊನ್ನೆ. ಜೊತೆಗೆ ಕೆಲಸ ಮಾಡುವ ಗೆಳೆಯನಿಗೆ ಫೋನ್ ಮಾಡಿದೆ.

"ಯಾವ ಎಡ್ಜ್‌ನಲ್ಲಿ ಓದುತ್ತೆ ಅಂತ ಡೇಟಾಶೀಟ್ ಚಿತ್ರ ನೋಡಿದ್ಯಾ ಮಾರಾಯಾ?" ಅಂದ.

"ಹೋದ ಸಲ ಇದೇ ಕೋಡ್ ನಡೆದಿತ್ತಲ್ಲ" ಅಂದೆ.

"ಹೋದ ಸಲ ಚಿಪ್ ಬೇರೆ ಇತ್ತಲ್ಲೋ!"

ಸರಿಯಾಗಿಯೇ ಹೇಳಿದ. ಹಳೆಯ ಕೋಡ್ 12 ಬಿಟ್‌ನ ಎಂಸಿಪಿ4921ಕ್ಕೆ ಬರೆದದ್ದು, ಅದು ಎಸ್‌ಪಿಐ ಮೋಡ್ 0ರಲ್ಲಿ ನಡೆಯುತ್ತದೆ, ಅಂದರೆ ಕ್ಲಾಕ್ ಏರುವಾಗ ಡೇಟಾ ಓದುತ್ತದೆ. ಡ್ಯಾಕ್8562 ಓದುವುದು ಕ್ಲಾಕ್ ಇಳಿಯುವಾಗ. ಅದಕ್ಕೆ ಬೇಕಾದದ್ದು ಮೋಡ್ 1.

ಮೋಡ್ 0ರಲ್ಲಿ ಆಗುವುದೇನು ನೋಡಿ. ಇಎಸ್‌ಪಿ32 ಕ್ಲಾಕ್ ಇಳಿಸುವ ಹೊತ್ತಿಗೇ ಮುಂದಿನ ಬಿಟ್ಟನ್ನು ವೈರ್ ಮೇಲೆ ಇಡುತ್ತದೆ. ಚಿಪ್ ಓದುವುದೂ ಅದೇ ಕ್ಷಣದಲ್ಲಿ. ಹಳೆಯ ಬಿಟ್ ಹೋಗುತ್ತಿದೆ, ಹೊಸದು ಬರುತ್ತಿದೆ, ಬಾಗಿಲಲ್ಲಿ ಇಬ್ಬರೂ ಡಿಕ್ಕಿ. ಯಾರು ಸಿಗುತ್ತಾರೆ ಅನ್ನುವುದು ಕೆಲವೇ ನ್ಯಾನೊಸೆಕೆಂಡ್‌ಗಳ ಲೆಕ್ಕ. ಡೇಟಾ ಸ್ವಲ್ಪ ತಡವಾಗಿ ಬದಲಾದರೆ ಚಿಪ್‌ಗೆ ಹಳೆಯ ಬಿಟ್, ಅಂದರೆ ಸರಿಯಾದದ್ದೇ ಸಿಗುತ್ತದೆ. ಬೇಗ ಬದಲಾದರೆ ಮುಂದಿನದು ಸಿಗುತ್ತದೆ. ನನ್ನ ಪ್ರೋಬ್‌ನ ಸ್ವಿಚ್ 1ಎಕ್ಸ್ ಕಡೆ ಇತ್ತು, ಹಾಗಿದ್ದಾಗ ಪ್ರೋಬ್ ಮತ್ತು ಅದರ ಕೇಬಲ್ ಸೇರಿ 100 ಪಿಕೊಫ್ಯಾರಡ್ ಆಸುಪಾಸಿನ ಹೊರೆ ಹಾಕುತ್ತವೆ. ಡೇಟಾ ವೈರ್ ನಿಧಾನವಾಯಿತು. ತಪ್ಪು ಕೋಡ್ ಸರಿಯಾಗಿ ನಡೆಯಿತು.

ತಪ್ಪಾದಾಗ ಯಾಕೆ ಅಷ್ಟು ಪೂರ್ತಿ ಸತ್ತಂತೆ ಕಂಡಿತು ಅನ್ನುವುದೂ ಕಾಗದದ ಮೇಲೆ ಬರೆದಾಗ ಹೊಳೆಯಿತು. 38 ಅಂದರೆ ಬಿಟ್‌ಗಳಲ್ಲಿ 00111000. ಮೊದಲ ಎರಡು ಬಿಟ್ಟನ್ನು ಚಿಪ್ ಲೆಕ್ಕಕ್ಕೇ ತೆಗೆದುಕೊಳ್ಳಲ್ಲ, ಆಮೇಲಿನ ಮೂರು ಕಮಾಂಡ್: 111, ಅಂದರೆ ರೆಫರೆನ್ಸ್. ಪ್ರತಿ ಸಲ ಮುಂದಿನ ಬಿಟ್ ಓದಿದರೆ ಸಾಲೆಲ್ಲ ಒಂದು ಮನೆ ಎಡಕ್ಕೆ ಸರಿಯುತ್ತದೆ: 01110000. ಕಮಾಂಡ್ ಈಗ 110, ಅದು ಎಲ್‌ಡ್ಯಾಕ್ ಸೆಟ್ ಮಾಡುವ ಕಮಾಂಡ್. ಔಟ್‌ಪುಟ್ ಬರೆಯುವ 18 ಕೂಡ ಹಾಗೇ: 00011000 ಸರಿದು 00110000, ಅದೂ 110. ನಾನು ಏನು ಹೇಳಿದರೂ ಚಿಪ್ ಎಲ್‌ಡ್ಯಾಕನ್ನೇ ತಿರುವುತ್ತಾ ಕೂತಿತ್ತು. ಪಾಪ, ಅದರ ತಪ್ಪೇನಿದೆ!

ಇನ್ನು ಲಾಜಿಕ್ ಅನಲೈಸರ್ ಯಾಕೆ ಸರಿ ಅಂದಿತು? ಅದರ ಸೆಟ್ಟಿಂಗ್‌ನಲ್ಲೂ ನಾನೇ ಮೋಡ್ 0 ಹಾಕಿದ್ದೆ. ಅದು ಏರುವ ಎಡ್ಜ್‌ನಲ್ಲಿ ಓದಿ, ನಾನು ಕಳಿಸಿದ್ದನ್ನೇ ನನಗೆ ಒಪ್ಪಿಸಿತು. ಅನಲೈಸರನ್ನು ಯಾವಾಗಲೂ ಚಿಪ್‌ನ ಡೇಟಾಶೀಟ್ ನೋಡಿ ಸೆಟ್ ಮಾಡಿ, ನಿಮ್ಮ ಕೋಡ್ ನೋಡಿ ಅಲ್ಲ. ಡಿಕೋಡ್ ಆದ ನಂಬರ್ ಬದಲು ಅಲೆಯನ್ನೇ ನೋಡಿ: ಕ್ಲಾಕ್ ಇಳಿಯುವ ಗೆರೆಯ ಮೇಲೆ ಡೇಟಾ ಗಟ್ಟಿಯಾಗಿ ನಿಂತಿರಬೇಕು. ಅಲ್ಲೇ ಬದಲಾಗುತ್ತಿದ್ದರೆ ಮೋಡ್ ತಪ್ಪು.

ಒಂದು ನಂಬರ್ ತಿದ್ದಿದೆ, 0 ಇದ್ದದ್ದು 1. ಪ್ರೋಬ್ ಇಲ್ಲದೆ ಹತ್ತಕ್ಕೆ ಹತ್ತು ಸಲ 2.5. ಕ್ಲಾಕ್ ವೇಗ ಇಳಿಸಿದರೆ ಈ ತೊಂದರೆ ಹೋಗಲ್ಲ ಅನ್ನುವುದನ್ನೂ ಗಮನಿಸಿ. ಮೊದಲ ರಾತ್ರಿ ನಾನು ವೇಗವನ್ನು 100 ಕಿಲೊಹರ್ಟ್ಸ್‌ಗೆ ಇಳಿಸಿ, 'ಇನ್ನು ವೈರ್ ಉದ್ದದ ತೊಂದರೆ ಇರಲಿಕ್ಕಿಲ್ಲ' ಅಂದುಕೊಂಡಿದ್ದೆ. ಡಿಕ್ಕಿ ಆಗುವುದು ಎಡ್ಜ್‌ನಲ್ಲಿ, ಎಡ್ಜ್ ಎಷ್ಟು ದೂರ ದೂರ ಇದ್ದರೂ ಡಿಕ್ಕಿ ಡಿಕ್ಕಿಯೇ.

ರೆಫರೆನ್ಸ್ ಬಂತು, ಔಟ್‌ಪುಟ್ ಇನ್ನೂ ಇಲ್ಲ ಅಂದರೆ

ಎಲ್‌ಡ್ಯಾಕ್ ನೋಡಿ. ಬರೆದದ್ದು ಒಳಗಿನ ರಿಜಿಸ್ಟರ್‌ನಲ್ಲೇ ಕೂತು, ಔಟ್‌ಪುಟ್‌ಗೆ ಬರಲು ಅಪ್ಪಣೆ ಕಾಯುತ್ತಿರಬಹುದು. ಪರೀಕ್ಷೆಗೆ ಸುಲಭದ ದಾರಿ, 'ಬರೆದು ಕೂಡಲೇ ಬದಲಿಸು' ಅನ್ನುವ ಕಮಾಂಡ್ ಬಳಸುವುದು: ಮೊದಲ ಚಾನೆಲ್‌ಗೆ 18, ಆಮೇಲೆ ಎರಡು ಬೈಟ್ ಡೇಟಾ.

ಔಟ್‌ಪುಟ್ ಬಂದು ಆಗಾಗ ಸೊನ್ನೆಗೆ ಬೀಳುತ್ತಿದ್ದರೆ ಕ್ಲಿಯರ್ ಪಿನ್ ಎಲ್ಲಿಗೂ ಕಟ್ಟದೆ ಗಾಳಿಯಲ್ಲಿರಬಹುದು. ಅದು ಇಳಿಯುವ ಎಡ್ಜ್‌ಗೆ ಕೆಲಸ ಮಾಡುವ ಪಿನ್, ಪಕ್ಕದಲ್ಲಿ ಕೈ ಆಡಿಸಿದರೂ ಸಾಕು. ಸಪ್ಲೈಗೆ 10 ಕಿಲೊಓಮ್ ರೆಸಿಸ್ಟರ್‌ನಲ್ಲಿ ಕಟ್ಟಿಬಿಡಿ. ಬೀಳುವುದು ಸೊನ್ನೆಗಲ್ಲ, ಸರಿಯಾಗಿ ಅರ್ಧಕ್ಕೆ ಅನ್ನುವುದಾದರೆ ನಿಮ್ಮದು 8562 ಅಲ್ಲ, ಅದರ ತಮ್ಮ 8563. ಚಿಪ್ ಮೇಲಿನ ಅಕ್ಷರವನ್ನು ಫೋನ್ ಕ್ಯಾಮೆರಾ ಜೂಮ್ ಮಾಡಿ ಓದಿ.

ಬರುವ ವೋಲ್ಟೇಜ್ ತಪ್ಪಿದ್ದರೆ ಗೇನ್ ನೆನಪಿರಲಿ. ಒಳಗಿನ ರೆಫರೆನ್ಸ್ ಆನ್ ಮಾಡಿದಾಗ ಗೇನ್ ತಾನಾಗಿ 2 ಆಗುತ್ತದೆ. ಹಾಗಾಗಿ ಪೂರ್ತಿ ವ್ಯಾಪ್ತಿ 0ಯಿಂದ 5 ವೋಲ್ಟ್, 80 00 ಕಳಿಸಿದರೆ 2.5, 40 00 ಕಳಿಸಿದರೆ 1.25, 20 00 ಕಳಿಸಿದರೆ 0.625. ನೀವು 2.5ರವರೆಗೆ ಮಾತ್ರ ಬರುತ್ತದೆ ಅಂದುಕೊಂಡಿದ್ದರೆ ಎಲ್ಲವೂ ದುಪ್ಪಟ್ಟಾಗಿ ಕಾಣುತ್ತದೆ. ಸಪ್ಲೈ ಇನ್ನೂ 3.3ರಲ್ಲೇ ಇದ್ದರೆ ಔಟ್‌ಪುಟ್ ಅದಕ್ಕಿಂತ ಮೇಲೆ ಹೋಗಲು ಸಾಧ್ಯವಿಲ್ಲ, ಸುಮಾರು 43,250ನೇ ಕೋಡ್ ದಾಟಿದ ಮೇಲೆ ಸಮತಟ್ಟಾಗಿ ನಿಂತುಬಿಡುತ್ತದೆ. ಯುಎಸ್‌ಬಿಯ '5 ವೋಲ್ಟ್' ನಂಬಿದವರಿಗೂ ಇದೇ ಗತಿ. ಉದ್ದನೆ ಕೇಬಲ್ ತುದಿಯಲ್ಲಿ ಅದು 4.8ಕ್ಕೆ ಇಳಿದಿದ್ದರೆ ಕೊನೆಯ 0.2 ವೋಲ್ಟ್ ನಿಮಗಿಲ್ಲ.

ಎರಡೂ ತುದಿಗಳಲ್ಲಿ ನಿಖರತೆ ಅಳೆಯಲು ಹೋಗಬೇಡಿ. ಸೊನ್ನೆ ಕೋಡ್‌ಗೆ ಸರಿಯಾಗಿ ಸೊನ್ನೆ ವೋಲ್ಟ್ ಬರಲ್ಲ, ಕೆಲವು ಮಿಲಿವೋಲ್ಟ್ ಉಳಿಯುತ್ತದೆ, ಅದು ದೋಷವಲ್ಲ. ಡೇಟಾಶೀಟ್‌ನವರೇ ಲೆಕ್ಕಕ್ಕೆ 512 ಮತ್ತು 65,024 ಅನ್ನುವ ಕೋಡ್‌ಗಳನ್ನು ಹಿಡಿಯುತ್ತಾರೆ. ನೀವೂ ಅವೆರಡರಲ್ಲೇ ಅಳೆಯಿರಿ, 39 ಮಿಲಿವೋಲ್ಟ್ ಮತ್ತು 4.961 ವೋಲ್ಟ್ ಆಸುಪಾಸು ಬರಬೇಕು. ಎರಡನೆಯದಕ್ಕೆ ಸಪ್ಲೈ 5ಕ್ಕಿಂತ ತುಸು ಮೇಲಿರಲಿ.

"ಕೋಡ್ ಒಂದೊಂದೇ ಏರಿಸಿದರೆ ವೋಲ್ಟೇಜ್ ಏರಲ್ಲ" ಅನ್ನುವ ದೂರೂ ಇರುತ್ತದೆ. ಒಂದು ಹೆಜ್ಜೆ ಅಂದರೆ 76 ಮೈಕ್ರೊವೋಲ್ಟ್. ನಮ್ಮೆಲ್ಲರ ಮನೆಯಲ್ಲಿರುವ ಹಳದಿ ಮಲ್ಟಿಮೀಟರ್ 20 ವೋಲ್ಟ್ ರೇಂಜ್‌ನಲ್ಲಿ 10 ಮಿಲಿವೋಲ್ಟ್‌ಗಿಂತ ಚಿಕ್ಕದು ತೋರಿಸಲ್ಲ. ಅಂದರೆ 131 ಹೆಜ್ಜೆ ಹತ್ತಿದ ಮೇಲೆ ಮೀಟರ್ ಒಂದು ಅಂಕಿ ಅಲುಗುತ್ತದೆ. ಡ್ಯಾಕ್ ಸರಿಯೇ ಇದೆ, ಮೀಟರ್‌ಗೆ ಅಷ್ಟು ಸೂಕ್ಷ್ಮ ಕಾಣಿಸದು.

ಸ್ಕೋಪ್‌ನಲ್ಲಿ ಗೆರೆ ದಪ್ಪಗೆ ಕೂದಲು ಬಿಟ್ಟಂತೆ ಕಂಡರೆ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕೀಳಿ. ನನ್ನದರಲ್ಲಿ ಅಷ್ಟಕ್ಕೇ ಗೆರೆ ಅರ್ಧ ತೆಳ್ಳಗಾಯಿತು. ಆಮೇಲೆ ಪ್ರೋಬ್‌ನ ಉದ್ದನೆ ಗ್ರೌಂಡ್ ಬಾಲ ಬಿಚ್ಚಿ, ತುದಿಗೆ ಪುಟ್ಟ ಸ್ಪ್ರಿಂಗ್ ಸಿಕ್ಕಿಸಿ, ಔಟ್‌ಪುಟ್ ಪಕ್ಕದ ಗ್ರೌಂಡ್‌ಗೇ ತಾಗಿಸಿ ನೋಡಿ. ಉಳಿದದ್ದರಲ್ಲಿ ಜಾಸ್ತಿ ಪಾಲು ಆ ಬಾಲ ಗಾಳಿಯಿಂದ ಹಿಡಿದು ತಂದದ್ದೇ ಆಗಿರುತ್ತದೆ. ಉದ್ದನೆ ಕೇಬಲ್ ಹಾಕಿದಾಗ ಮಾತ್ರ ಔಟ್‌ಪುಟ್ ನಡುಗಿದರೆ, ಕೇಬಲ್‌ನ ಕೆಪಾಸಿಟೆನ್ಸ್ ಒಳಗಿನ ಬಫರ್‌ಗೆ ಭಾರವಾಗುತ್ತಿದೆ. ಔಟ್‌ಪುಟ್ ಮತ್ತು ಕೇಬಲ್ ನಡುವೆ 100 ಓಮ್ ಇಟ್ಟು ನೋಡಿ.

ಇಷ್ಟೆಲ್ಲ ನೋಡಿಯೂ ರೆಫರೆನ್ಸ್ ಕಾಲು ಏಳದಿದ್ದರೆ, ಸಪ್ಲೈ ಸರಿ ಇದ್ದರೆ, 24 ಕ್ಲಾಕ್ ಸರಿ ಇದ್ದರೆ, ಇಳಿಯುವ ಎಡ್ಜ್‌ನಲ್ಲಿ ಡೇಟಾ ಗಟ್ಟಿ ನಿಂತಿದ್ದರೆ, ಆಗ ಚಿಪ್ ಮೇಲೆ ಅನುಮಾನ ಪಡಬಹುದು. ಅದಕ್ಕೂ ಮುಂಚೆ ಒಂದು ಕೆಲಸ: ಭೂತಗನ್ನಡಿ ಹಿಡಿದು ಹತ್ತೂ ಕಾಲಿನ ಸೋಲ್ಡರ್ ನೋಡಿ, ಮೀಟರ್ ಕಡ್ಡಿಯ ಒಂದು ತುದಿ ಹೆಡರ್ ಪಿನ್‌ಗೆ, ಇನ್ನೊಂದು ಚಿಪ್‌ನ ಕಾಲಿಗೇ ಇಟ್ಟು ಬೀಪ್ ಬರುತ್ತಾ ಅಂತ ಒಂದೊಂದಾಗಿ ಪರೀಕ್ಷಿಸಿ. ಕಡ್ಡಿಯನ್ನು ಒತ್ತಬೇಡಿ, ಒತ್ತಿದರೆ ಎದ್ದ ಕಾಲೂ ಪ್ಯಾಡ್‌ಗೆ ತಾಗಿ ಬೀಪ್ ಅನ್ನುತ್ತದೆ.